ಡಿ ಮೀರ್‌ನಿಂದ ಡಿ ಟೂಕೊಮ್ಸ್ಟ್‌ವರೆಗೆ: ಅಯಾಕ್ಸ್ ಬೆಳೆಸಿದ ಹುಡುಗರು

2025ರ ಮಾರ್ಚ್ 18ಕ್ಕೆ ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಕ್ಲಬ್‌ಗೆ ನೂರಿಪ್ಪತ್ತೈದು ವರ್ಷ ತುಂಬಿತು. ಇಂಥ ಸಂದರ್ಭದಲ್ಲಿ ಗೆದ್ದ ಕಪ್‌ಗಳ ಪಟ್ಟಿ ಕೊಡುವುದು ವಾಡಿಕೆ. ಅಯಾಕ್ಸ್ ಅಭಿಮಾನಿಗಳು ಇಬ್ಬರು ಒಂದೆಡೆ ಕೂತರೆ ಕಪ್‌ಗಳ ಮಾತು ಬೇಗ ಮುಗಿದುಹೋಗುತ್ತದೆ, ಹುಡುಗರ ಮಾತು ಶುರುವಾಗುತ್ತದೆ. ಈ ಕ್ಲಬ್ಬಿನ ಯುವ ವಿಭಾಗದಿಂದ ಬಂದವರಲ್ಲಿ ಎಲ್ಲರಿಗಿಂತ ಮೇಲು ಯಾರು? ‘ಕ್ರೈಫ್’ ಎಂದು ಹೇಳಿ ಚಹಾ ತರಿಸಿಬಿಡಬಹುದು. ಆದರೆ ಆ ಉತ್ತರ ಕೊಟ್ಟವರೂ ಸುಮ್ಮನಾಗುವುದಿಲ್ಲ, ಎರಡನೆಯವನು ಯಾರು ಎಂದು ಮತ್ತೆ ಎಳೆಯುತ್ತಾರೆ. ಯುವ ವಿಭಾಗದ ಕಥೆಯನ್ನು ಮೊದಲಿನಿಂದ ಹೇಳಿಕೊಂಡು ಬಂದರೆ ಈ ವಾದದ ಗಂಟು ಎಲ್ಲಿದೆ ಎಂಬುದು ತಿಳಿಯುತ್ತದೆ.

1900–1940: ಮರದ ಗ್ಯಾಲರಿಯಿಂದ ಇಟ್ಟಿಗೆಯ ಕ್ರೀಡಾಂಗಣಕ್ಕೆ

ಕಾಲ್ವರ್‌ಸ್ಟ್ರಾಟ್ ಬೀದಿಯ ‘ಊಸ್ಟ್ ಇಂಡಿ’ ಕೆಫೆಯಲ್ಲಿ ಫ್ಲೋರಿಸ್ ಸ್ಟೆಂಪೆಲ್ ಮತ್ತು ಗೆಳೆಯರು ಸೇರಿ ಕ್ಲಬ್ ಕಟ್ಟಿದರು. ಗ್ರೀಕ್ ವೀರನ ಹೆಸರಿಟ್ಟರು. ಊರಿನ ಪೂರ್ವ ಭಾಗದ ಮಿಡನ್‌ವೇಖ್ ರಸ್ತೆಯಲ್ಲಿ ಮರದ ಕ್ರೀಡಾಂಗಣ ಎದ್ದಿತು. ಸುತ್ತಮುತ್ತ ಇದ್ದವರು ಕೂಲಿ ಕಾರ್ಮಿಕರು, ಸಣ್ಣ ಅಂಗಡಿಯವರು, ಯಹೂದಿ ಕುಟುಂಬಗಳು. ಭಾನುವಾರ ಮಧ್ಯಾಹ್ನ ಇವರಿಗೆಲ್ಲ ಹೋಗಲು ಒಂದು ಜಾಗ ಸಿಕ್ಕಿತು. 1920ರ ದಶಕದಲ್ಲಿ ಬಲಬದಿಯಲ್ಲಿ ಓಡುತ್ತಿದ್ದ ಎಡ್ಡಿ ಹ್ಯಾಮೆಲ್ ಈ ಜನರ ಕಣ್ಮಣಿ. ಅಮೆರಿಕದಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೆಳೆದ ಯಹೂದಿ. 1943ರಲ್ಲಿ ಅವರನ್ನು ಆಶ್ವಿಟ್ಜ್‌ನಲ್ಲಿ ಕೊಲ್ಲಲಾಯಿತು. ಕ್ಲಬ್ಬಿನ ಚರಿತ್ರೆಯಲ್ಲಿ ಹರ್ಷದ ಪುಟಗಳೇ ಹೆಚ್ಚಾದರೂ ಈ ಪುಟವನ್ನು ಮಗುಚಿ ಮುಂದೆ ಹೋಗಲು ಬರುವುದಿಲ್ಲ.

ಯುವ ವಿಭಾಗದ ಬೀಜ ಬಿತ್ತಿದವರು ಇಂಗ್ಲೆಂಡಿನ ಜಾಕ್ ರೆನಾಲ್ಡ್ಸ್. 1915ರಲ್ಲಿ ತರಬೇತುದಾರರಾಗಿ ಬಂದ ಅವರು ನಡುನಡುವೆ ಬಿಟ್ಟುಹೋಗಿ, ಮತ್ತೆ ಬಂದು, 1947ರವರೆಗೆ ಮೂರು ಅವಧಿಗೆ ತಂಡವನ್ನು ನೋಡಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಅವರನ್ನು ಶಿಬಿರದಲ್ಲಿ ಕೂಡಿಹಾಕಿದ್ದರಿಂದ ಬಿದ್ದ ವಿರಾಮವೂ ಇದರಲ್ಲಿ ಸೇರಿದೆ. ಶಿಸ್ತು ಕಟ್ಟುನಿಟ್ಟು, ಆದರೆ ಚೆಂಡು ಬಿಟ್ಟು ಬರಿಯ ಓಟ ಓಡಿಸುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಹಿರಿಯರಿಗೆ ಹೇಳಿಕೊಟ್ಟದ್ದನ್ನೇ ಕಿರಿಯರಿಗೂ ಹೇಳಿಕೊಡುತ್ತಿದ್ದರು. ಸಣ್ಣ ಹುಡುಗರ ತಂಡವೂ ಮೊದಲ ತಂಡದ ಹಾಗೆಯೇ ಆಡಬೇಕು ಎಂಬ ಅಯಾಕ್ಸ್ ಸಂಪ್ರದಾಯದ ಮೂಲ ಇಲ್ಲಿದೆ.

1930ರ ದಶಕದಲ್ಲಿ ಕ್ಲಬ್ ಐದು ಸಲ ದೇಶದ ಚಾಂಪಿಯನ್ ಆಯಿತು, ಮರದ ಗ್ಯಾಲರಿ ಸಾಲದಾಯಿತು. ಕ್ಲಬ್ಬಿನ ಸದಸ್ಯರೇ ಆಗಿದ್ದ ವಾಸ್ತುಶಿಲ್ಪಿ ಡಾನ್ ರೋಡನ್‌ಬುರ್ಖ್ ನಕ್ಷೆ ಬರೆದರು. 1934ರ ಡಿಸೆಂಬರ್ 9ರಂದು ‘ಡಿ ಮೀರ್’ ಕ್ರೀಡಾಂಗಣದ ಬಾಗಿಲು ತೆರೆಯಿತು. ಯೂರೋಪಿನ ದೊಡ್ಡ ಕ್ರೀಡಾಂಗಣಗಳ ಪಕ್ಕದಲ್ಲಿಟ್ಟರೆ ಅದು ಪುಟ್ಟದು. ಆದರೆ ಪಕ್ಕದಲ್ಲೇ ಹುಡುಗರ ಅಭ್ಯಾಸದ ಮೈದಾನಗಳಿದ್ದವು. ದೊಡ್ಡವರ ಆಟವನ್ನು ಚಿಕ್ಕವರು ದಿನವೂ ಬೇಲಿಯಾಚೆಯಿಂದ ನೋಡಬಹುದಿತ್ತು. ಕಟ್ಟಡವೂ ಪಾಠ ಹೇಳುತ್ತದೆ ಎನ್ನುವುದಾದರೆ ಡಿ ಮೀರ್ ಹೇಳಿದ ಪಾಠ ಇದು.

1947–1973: ಬೆಟೊನ್‌ಡಾರ್ಪ್‌ನ ಹುಡುಗ

ಡಿ ಮೀರ್‌ನಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಬೆಟೊನ್‌ಡಾರ್ಪ್ ಎಂಬ ಬಡಾವಣೆ. 1920ರ ದಶಕದಲ್ಲಿ ಕಾರ್ಮಿಕರಿಗಾಗಿ ಕಾಂಕ್ರೀಟಿನಲ್ಲಿ ಕಟ್ಟಿದ ಸಾಲುಮನೆಗಳು. 1947ರ ಏಪ್ರಿಲ್ 25ರಂದು ಹುಟ್ಟಿದ ಯೋಹಾನ್ ಕ್ರೈಫ್ ಬೆಳೆದದ್ದು ಅಲ್ಲಿ. ತಂದೆಗೆ ತರಕಾರಿ, ದಿನಸಿಯ ಸಣ್ಣ ಅಂಗಡಿ. ಹುಡುಗನಿಗೆ ಹನ್ನೆರಡು ತುಂಬಿದ ವರ್ಷವೇ ತಂದೆ ತೀರಿಕೊಂಡರು. ತಾಯಿ ಅಯಾಕ್ಸ್‌ನಲ್ಲಿ ನೆಲ ಒರೆಸುವ, ಸ್ವಚ್ಛ ಮಾಡುವ ಕೆಲಸಕ್ಕೆ ಹೋದರು. ಮುಂದೆ ಅವರು ಮದುವೆಯಾದದ್ದು ಅದೇ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರನ್ನು. ಹೀಗಾಗಿ ಕ್ರೈಫ್‌ಗೆ ಕ್ಲಬ್ ಎಂದರೆ ಅನ್ನ ಕೊಡುವ ಜಾಗ, ಮನೆಯ ಹಿತ್ತಲು, ಎಲ್ಲವೂ.

ಬೀದಿಯಲ್ಲಿ ಆಡುತ್ತಿದ್ದ ಈ ಸಣಕಲು ಹುಡುಗನನ್ನು ಯುವ ವಿಭಾಗದ ತರಬೇತುದಾರ ಯಾನಿ ವಾನ್ ಡರ್ ವೇನ್ ನೋಡಿ, ಆಯ್ಕೆ ಪರೀಕ್ಷೆಯೂ ಇಲ್ಲದೆ ಹತ್ತನೇ ವಯಸ್ಸಿಗೆ ಸೇರಿಸಿಕೊಂಡರು. 1964ರ ನವೆಂಬರ್ 15ರಂದು, ಹದಿನೇಳು ವರ್ಷದ ಕ್ರೈಫ್ ಮೊದಲ ತಂಡಕ್ಕೆ ಇಳಿದ. ಖ್ರೋನಿಂಗನ್ ಊರಿನ ಜಿವಿಎವಿ ತಂಡದೆದುರು ಅಯಾಕ್ಸ್ 1–3ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದವನು ಅವನೇ. ಎರಡು ತಿಂಗಳಲ್ಲಿ ರೈನಸ್ ಮಿಖೆಲ್ಸ್ ಕೋಚ್ ಆಗಿ ಬಂದರು. ರೆನಾಲ್ಡ್ಸ್ ಕೈಕೆಳಗೆ ಆಡಿದವರು ಅವರು. 1971, 1972, 1973, ಸತತ ಮೂರು ಯೂರೋಪಿಯನ್ ಕಪ್‌ಗಳು ಬಂದವು. ರಾಟರ್‌ಡ್ಯಾಮ್‌ನಲ್ಲಿ ನಡೆದ 1972ರ ಫೈನಲ್‌ನಲ್ಲಿ ಇಂಟರ್ ಮಿಲಾನ್ ಎದುರು ಎರಡೂ ಗೋಲು ಕ್ರೈಫ್ ಅವರದು.

ಆ ತಂಡದಲ್ಲಿ ಎಲ್ಲರೂ ಮನೆಯ ಮಕ್ಕಳೇನಲ್ಲ. ನೇಸ್ಕೆನ್ಸ್ ಹೊರಗಿನವರು, ಗೆರಿ ಮ್ಯೂರನ್ ಫೋಲೆಂಡಾಮ್‌ನವರು, ವಾಸೊವಿಚ್ ಯುಗೊಸ್ಲಾವಿಯಾದವರು. ಬಾಲ್ಯದಲ್ಲೇ ಬಂದು ಸೇರಿ 603 ಪಂದ್ಯ ಆಡಿ ‘ಮಿಸ್ಟರ್ ಅಯಾಕ್ಸ್’ ಎನಿಸಿಕೊಂಡ ಸ್ಯಾಕ್ ಸ್ವಾರ್ಟ್ ಮಾತ್ರ ಪಕ್ಕಾ ಮನೆಯವರು.

1973ರ ಬೇಸಿಗೆಯಲ್ಲಿ ಆಟಗಾರರು ಮತ ಹಾಕಿ ನಾಯಕತ್ವವನ್ನು ಪೀಟ್ ಕೈಜರ್ ಅವರಿಗೆ ಕೊಟ್ಟರು. ಕೆಲ ವಾರಗಳಲ್ಲೇ ಕ್ರೈಫ್ ಬಾರ್ಸಿಲೋನಾಗೆ ಹೊರಟರು. ಆ ದಿನಗಳ ಮನಸ್ತಾಪವನ್ನು ಕೆದಕುವ ಜಾಗ ಇದಲ್ಲ. ಕೈಜರ್ ಕೂಡ ಆಮ್‌ಸ್ಟರ್‌ಡ್ಯಾಮ್‌ನ ಹುಡುಗನೇ, ಆಟದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ ಎಂಬುದನ್ನು ನೆನೆದರೆ ಸಾಕು.

ಅಂದಹಾಗೆ ಕ್ರೈಫ್ ಅವರನ್ನು ‘ಅಕಾಡೆಮಿಯ ಉತ್ಪನ್ನ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅವರು ಬಂದಾಗ ಇಂದು ನಾವು ಅಕಾಡೆಮಿ ಎನ್ನುವ ವ್ಯವಸ್ಥೆ ಇರಲಿಲ್ಲ. ಒಳ್ಳೆಯ ಕಣ್ಣಿದ್ದ ಒಬ್ಬ ಗುರು, ಒಂದು ಮೈದಾನ ಮತ್ತು ಬೀದಿ, ಇಷ್ಟೇ. ಅಕಾಡೆಮಿ ಅವರನ್ನು ರೂಪಿಸಿತು ಎನ್ನುವುದಕ್ಕಿಂತ ಅವರು ಅದನ್ನು ರೂಪಿಸಿದರು ಎಂದರೆ ನಿಜಕ್ಕೆ ಹತ್ತಿರ. ಸ್ಪರ್ಧೆಯಿಂದ ಅವರನ್ನು ಮೇಲಕ್ಕೆತ್ತಿ ಕೂರಿಸಿದರೆ ಉಳಿದವರ ಲೆಕ್ಕ ನೋಡಲು ದಾರಿಯಾಗುತ್ತದೆ.

1981–1988: ತಿರುಗಿ ಬಂದ ಗುರು

1981ರ ಕೊನೆಗೆ ಕ್ರೈಫ್ ಆಟಗಾರರಾಗಿ ಮರಳಿದರು. 1982ರ ಏಪ್ರಿಲ್ 3ರಂದು ಎನ್‌ಇಸಿ ವಿರುದ್ಧದ ಪಂದ್ಯದಲ್ಲಿ ಅವರು ಹೊರಬಂದಾಗ ಒಳಗೆ ಹೋದವನು ಹದಿನೇಳರ ಮಾರ್ಕೊ ವಾನ್ ಬಾಸ್ಟನ್. ಹೋದವನೇ ಗೋಲು ಹೊಡೆದ. ಮುಂದಿನದು ಎಲ್ಲರಿಗೂ ಗೊತ್ತು: ಡಚ್ ಲೀಗ್‌ನಲ್ಲಿ 133 ಪಂದ್ಯಕ್ಕೆ 128 ಗೋಲು, ಸತತ ನಾಲ್ಕು ಋತುಗಳಲ್ಲಿ ಅತಿ ಹೆಚ್ಚು ಗೋಲಿನ ಪಟ್ಟ, 1988ರ ಯೂರೋ ಫೈನಲ್‌ನ ಆ ವಾಲಿ, ಮೂರು ಬ್ಯಾಲನ್ ಡಿ’ಓರ್.

ಹಾಗಾದರೆ ಕ್ರೈಫ್ ನಂತರ ಇವರೇ ಅಲ್ಲವೇ? ಇಲ್ಲೇ ಗಂಟು. ವಾನ್ ಬಾಸ್ಟನ್ ಯೂಟ್ರೆಕ್ಟ್‌ನವರು. ಅಲ್ಲಿನ ಎಲಿಂಕ್‌ವೈಕ್ ಕ್ಲಬ್ಬಿನಲ್ಲಿ ಆಡಿ, ಬಹುಪಾಲು ಮಾಗಿದ ಮೇಲೆ 1981ರಲ್ಲಿ ಅಯಾಕ್ಸ್‌ಗೆ ಬಂದವರು. ಫ್ರಾಂಕ್ ರೈಕಾರ್ಡ್ ಆಮ್‌ಸ್ಟರ್‌ಡ್ಯಾಮ್‌ನವರೇ, ಆದರೆ ಅವರೂ ಊರಿನ ಬೇರೆ ಕ್ಲಬ್‌ಗಳಲ್ಲಿ ಬೆಳೆದು ಹದಿಹರೆಯದ ಕೊನೆಯಲ್ಲಿ ಸೇರಿ 1980ರಲ್ಲಿ ಮೊದಲ ತಂಡಕ್ಕೆ ಇಳಿದವರು. ಒಂದೆರಡು ವರ್ಷ ಸಾಣೆ ಹಿಡಿದವರಿಗೆ ಕೀರ್ತಿಯೋ, ಎಂಟು ಹತ್ತು ವರ್ಷ ಅಕ್ಷರಾಭ್ಯಾಸ ಮಾಡಿಸಿದ ಸಣ್ಣ ಕ್ಲಬ್‌ಗೋ? ಅಭಿಮಾನಿಗಳು ತಮಗೆ ಬೇಕಾದ ಕಡೆ ಅಳತೆಗೋಲನ್ನು ಹಿಗ್ಗಿಸುತ್ತಾರೆ, ಬೇಡದ ಕಡೆ ಕುಗ್ಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಹದಿನೈದು ದಾಟಿ ಬಂದವರು ಅಯಾಕ್ಸ್‌ನ ಹೆಮ್ಮೆಯ ಆಟಗಾರರು ಹೌದು, ಅಯಾಕ್ಸ್‌ನ ಶಿಷ್ಯರು ಅಲ್ಲ.

1985ರಲ್ಲಿ ಕ್ರೈಫ್ ಕೋಚ್ ಆದರು. ಹುಡುಗರ ತಂಡಗಳಲ್ಲಿ ಗೆಲುವು ಮುಖ್ಯವಲ್ಲ, ಕಲಿಕೆ ಮುಖ್ಯ ಎಂಬ ಮಾತನ್ನು ಕಾರ್ಯಕ್ಕಿಳಿಸಿದರು. ಚೆನ್ನಾಗಿ ಆಡುವವನನ್ನು ತನಗಿಂತ ದೊಡ್ಡವರ ತಂಡಕ್ಕೆ ಹಾಕುವುದು, ಮುಂದೆ ಆಡುವವನನ್ನು ಹಿಂದೆ ನಿಲ್ಲಿಸಿ ಎದುರಾಳಿ ಹೇಗೆ ಯೋಚಿಸುತ್ತಾನೆಂದು ಅರಿಯಲು ಬಿಡುವುದು, ಇವೆಲ್ಲ ಪಾಠಕ್ರಮಕ್ಕೆ ಸೇರಿದವು. 1986ರ ಡಿಸೆಂಬರ್ 14ರಂದು ರೋಡಾ ವಿರುದ್ಧ ಅವರು ಕಣಕ್ಕಿಳಿಸಿದ ಹುಡುಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಹೆಸರು ಡೆನಿಸ್ ಬರ್ಗ್‌ಕ್ಯಾಂಪ್. ಹನ್ನೊಂದರ ಹೊತ್ತಿಗೇ ಅಯಾಕ್ಸ್‌ಗೆ ಬಂದಿದ್ದವನು. ಐದು ತಿಂಗಳಲ್ಲಿ ಅಥೆನ್ಸ್‌ನಲ್ಲಿ ನಡೆದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲೂ ಬದಲಿ ಆಟಗಾರನಾಗಿ ಇಳಿದ. 1988ರ ಆರಂಭದಲ್ಲಿ ಆಡಳಿತದೊಂದಿಗಿನ ಭಿನ್ನಾಭಿಪ್ರಾಯದಿಂದ ಕ್ರೈಫ್ ಹುದ್ದೆ ಬಿಟ್ಟು ಬಾರ್ಸಿಲೋನಾಗೆ ಹೋದರು. ಅಲ್ಲಿನ ಯುವ ತಂಡಗಳಿಗೂ ಇದೇ ಪಾಠ ಒಯ್ದರು. ಗ್ವಾರ್ಡಿಯೋಲ ಅದರ ಫಲ.

1991–1996: ವಿಯೆನ್ನಾದ ರಾತ್ರಿ

ಶಾಲಾ ಶಿಕ್ಷಕರಾಗಿದ್ದ ಲೂಯಿ ವಾನ್ ಗಾಲ್ 1991ರಲ್ಲಿ ತಂಡ ವಹಿಸಿಕೊಂಡರು. ಮರುವರ್ಷ ಯುಇಎಫ್‌ಎ ಕಪ್ ಬಂತು. ಆದರೆ ಎಲ್ಲರೂ ನೆನೆಯುವುದು 1995ರ ಮೇ 24ನ್ನು. ವಿಯೆನ್ನಾದಲ್ಲಿ ಎಸಿ ಮಿಲಾನ್ ಎದುರು ಚಾಂಪಿಯನ್ಸ್ ಲೀಗ್ ಫೈನಲ್. ಶುರುವಿನ ಹನ್ನೊಂದರಲ್ಲಿ ರೈಜಿಗರ್, ಫ್ರಾಂಕ್ ಡಿ ಬೂರ್, ರೊನಾಲ್ಡ್ ಡಿ ಬೂರ್, ಸೀಡಾರ್ಫ್, ಡೇವಿಡ್ಸ್, ರೈಕಾರ್ಡ್. ಅಳತೆ ಸಡಿಲ ಬಿಟ್ಟರೆ ಆರು ಜನ ಕ್ಲಬ್ಬಿನ ಯುವ ವಿಭಾಗದವರು. 85ನೇ ನಿಮಿಷದಲ್ಲಿ ಬದಲಿಯಾಗಿ ಬಂದಿದ್ದ ಹದಿನೆಂಟರ ಪ್ಯಾಟ್ರಿಕ್ ಕ್ಲೈವರ್ಟ್‌ಗೆ ರೈಕಾರ್ಡ್ ಚೆಂಡು ಮುಟ್ಟಿಸಿದರು. ಹುಡುಗ ಎಡವುತ್ತ, ಬೀಳುತ್ತ, ಕಾಲ ತುದಿಯಲ್ಲಿ ದೂಡಿದ. 1–0. ಯೂರೋಪಿನ ಕಪ್‌ಗಳಲ್ಲಿ ಅದು ರೈಕಾರ್ಡ್ ಅವರ ಕೊನೆಯ ಪಂದ್ಯ. ಆ ಋತುವಿನಲ್ಲಿ ಅಯಾಕ್ಸ್ ದೇಶದ ಲೀಗ್‌ನಲ್ಲಾಗಲಿ ಚಾಂಪಿಯನ್ಸ್ ಲೀಗ್‌ನಲ್ಲಾಗಲಿ ಒಂದೂ ಪಂದ್ಯ ಸೋಲಲಿಲ್ಲ.

ಈ ಹೆಸರುಗಳ ಹಿಂದೆ ಇನ್ನೊಂದು ಚರಿತ್ರೆ ಇದೆ. ಸೀಡಾರ್ಫ್ ಮತ್ತು ಡೇವಿಡ್ಸ್ ಹುಟ್ಟಿದ್ದು ದಕ್ಷಿಣ ಅಮೆರಿಕದ ಸುರಿನಾಮ್‌ನ ಪಾರಮಾರಿಬೊದಲ್ಲಿ. ರೈಕಾರ್ಡ್, ಕ್ಲೈವರ್ಟ್ ಅವರ ಮನೆತನದ ಬೇರೂ ಅಲ್ಲಿಯದೇ. 1975ರಲ್ಲಿ ಸುರಿನಾಮ್ ಡಚ್ಚರಿಂದ ಸ್ವತಂತ್ರವಾದ ಆಸುಪಾಸಿನಲ್ಲಿ ಸಾವಿರಾರು ಕುಟುಂಬಗಳು ನೆದರ್‌ಲೆಂಡ್ಸ್‌ಗೆ ಬಂದವು. ಹಲವರು ನೆಲೆಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಆಗ್ನೇಯಕ್ಕಿರುವ ಬೈಲ್ಮರ್ ಬಡಾವಣೆಯ ಬೃಹತ್ ವಠಾರಗಳಲ್ಲಿ. ಕೆಲಸ ಸಿಗುವುದು ಕಷ್ಟ, ಬಾಡಿಗೆ ಮನೆ ಸಿಗುವುದು ಕಷ್ಟ, ಚರ್ಮದ ಬಣ್ಣ ನೋಡಿ ಮಾತಾಡಿಸುವವರೂ ಇದ್ದರು. ಅಂಥ ಮನೆಗಳ ಮಕ್ಕಳಿಗೆ ಕಾಲಲ್ಲಿ ಚೆಂಡು ಹೇಗಿದೆ ಎಂಬುದೊಂದನ್ನೇ ನೋಡಿ ಬಾಗಿಲು ತೆರೆದ ಜಾಗಗಳಲ್ಲಿ ಅಯಾಕ್ಸ್ ಒಂದು. ತಂಡದೊಳಗೆ ಈ ಹುಡುಗರಿಗೆ ಬೇಸರವೇ ಆಗಲಿಲ್ಲ ಎಂದಲ್ಲ. ಸಂಬಳದ ವಿಷಯದಲ್ಲಿ ಒಂದಿಷ್ಟು ಗುಸುಗುಸು ಎದ್ದದ್ದುಂಟು. ಆದರೂ ಹದಿನಾರರಲ್ಲೇ ಮೊದಲ ತಂಡ ಸೇರಿದ ಸೀಡಾರ್ಫ್ ಮುಂದೆ ರಿಯಲ್ ಮ್ಯಾಡ್ರಿಡ್, ಎಸಿ ಮಿಲಾನ್‌ಗಳೊಂದಿಗೂ ಗೆದ್ದು, ಮೂರು ಬೇರೆಬೇರೆ ಕ್ಲಬ್‌ಗಳಲ್ಲಿ ಚಾಂಪಿಯನ್ಸ್ ಲೀಗ್ ಎತ್ತಿದ ಮೊದಲಿಗರಾದರು. ಪದಕದ ಎಣಿಕೆಯೇ ಅಳತೆಯಾದರೆ ಅವರಿಗೇ ಪಟ್ಟ.

   

1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಬೋಸ್ಮನ್ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಬಿಡಿಗಾಸೂ ಇಲ್ಲದೆ ಬೇರೆ ಕ್ಲಬ್‌ಗೆ ಹೋಗಬಹುದಾಯಿತು. ಆಟಗಾರರಿಗೆ ಅದು ನ್ಯಾಯವೇ. ಅಯಾಕ್ಸ್ ಮಾತ್ರ ಕೈ ಹಿಚುಕಿಕೊಂಡಿತು. 1996ರಲ್ಲಿ ಡೇವಿಡ್ಸ್, ರೈಜಿಗರ್ ಹೋದರು, ಮರುವರ್ಷ ಕ್ಲೈವರ್ಟ್. ವರ್ಷಗಟ್ಟಲೆ ಬೆಳೆಸಿದವರು ಮೂರು ಬೇಸಿಗೆಯೊಳಗೆ ಚದುರಿಹೋದರು.

1998ರ ಜುಲೈ 4

ಕ್ಲಬ್ಬಿನ ಲೇಖನದಲ್ಲಿ ದೇಶದ ತಂಡದ ಪಂದ್ಯ ಯಾಕೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಅಯಾಕ್ಸ್ ಯುವ ವಿಭಾಗದ ಅತ್ಯುತ್ತಮ ಮಧ್ಯಾಹ್ನ ನಡೆದದ್ದು ಡಿ ಮೀರ್‌ನಲ್ಲಲ್ಲ, ಮಾರ್ಸೇಲ್‌ನಲ್ಲಿ. ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಾಳಿ ಅರ್ಜೆಂಟೀನ. ಮೊದಲ ಗೋಲು ಕ್ಲೈವರ್ಟ್ ಅವರದು, ತಲೆಯಿಂದ ಅದನ್ನು ಒದಗಿಸಿಕೊಟ್ಟವರು ಬರ್ಗ್‌ಕ್ಯಾಂಪ್. ಕ್ಲಾಡಿಯೊ ಲೋಪೆಸ್ ಸಮ ಮಾಡಿದರು. 90ನೇ ನಿಮಿಷ. ಫ್ರಾಂಕ್ ಡಿ ಬೂರ್ ತಮ್ಮ ಅರ್ಧದಲ್ಲೇ ಚೆಂಡಿನ ಹಿಂದೆ ನಿಂತು ತಲೆ ಎತ್ತಿ ನೋಡುತ್ತಾರೆ. ಎಡಗಾಲಿನಿಂದ ಅರವತ್ತು ಗಜದಷ್ಟು ದೂರ ಓರೆಯಾಗಿ ಹಾರಿಸುತ್ತಾರೆ. ಬರ್ಗ್‌ಕ್ಯಾಂಪ್ ಓಡುತ್ತ ನೆಗೆದು ಬಲಗಾಲನ್ನು ಚಾಚಿ ಗಾಳಿಯಲ್ಲೇ ಚೆಂಡಿನ ಜೀವ ತೆಗೆಯುತ್ತಾರೆ. ಅದು ಕಾಲ ಬುಡದಲ್ಲಿ ಸತ್ತುಬಿದ್ದಂತೆ ನಿಲ್ಲುತ್ತದೆ. ಎರಡನೇ ಮುಟ್ಟು, ಅಯಾಲಾ ಅವರ ಕಾಲುಗಳ ನಡುವಿನಿಂದ ಒಳಕ್ಕೆ. ಮೂರನೆಯದು ಪಾದದ ಹೊರಬದಿಯಿಂದ, ಗೋಲಿ ರೋವಾ ಅವರನ್ನು ದಾಟಿ ಮೇಲಿನ ಮೂಲೆಗೆ. ಮೂರೂ ಬಲಗಾಲಿನವು.

ಈ ಗೋಲನ್ನು ಬಿಡಿಸಿ ನೋಡಿದರೆ ಪ್ರತಿಯೊಂದೂ ಡಿ ಮೀರ್‌ನ ಬೆಳಗಿನ ಅಭ್ಯಾಸದಲ್ಲಿ ಹೇಳಿಕೊಟ್ಟದ್ದು. ಹಿಂದೆ ನಿಂತವನು ಚೆಂಡನ್ನು ಸುಮ್ಮನೆ ಒದ್ದು ಅಪಾಯ ಕಳೆಯಬಾರದು, ಆಟ ಕಟ್ಟಬೇಕು. ಮುಂದಿರುವವನು ಚೆಂಡು ಬರುವ ಮೊದಲೇ ಓಟ ಶುರುಮಾಡಬೇಕು. ಮೊದಲ ಮುಟ್ಟೇ ಎರಡನೆಯದಕ್ಕೆ ಜಾಗ ಮಾಡಿಕೊಡಬೇಕು. ಹಾಗಾಗಿ ನನ್ನ ಮತ ಬರ್ಗ್‌ಕ್ಯಾಂಪ್‌ಗೆ. ಡಚ್ ಲೀಗ್‌ನಲ್ಲಿ ಸತತ ಮೂರು ಋತು ಅತಿ ಹೆಚ್ಚು ಗೋಲು ಹೊಡೆದವರು ಎಂಬುದು ಪೂರಕ ದಾಖಲೆ ಅಷ್ಟೇ. ಯೂರೋಪಿನ ಕಪ್‌ಗಳ ಲೆಕ್ಕದಲ್ಲಿ ಅವರು ಸೀಡಾರ್ಫ್‌ಗಿಂತ ಎಷ್ಟೋ ಹಿಂದೆ, ವಿಮಾನ ಹತ್ತಲು ಹೆದರುತ್ತಿದ್ದುದರಿಂದ ಆರ್ಸೆನಲ್‌ನ ಹಲವು ದೂರದ ಪಂದ್ಯಗಳಿಗೇ ಹೋಗಲಿಲ್ಲ. ಆ ಆಕ್ಷೇಪಗಳನ್ನೆಲ್ಲ ಒಪ್ಪಿಕೊಂಡೇ ಹೇಳುತ್ತಿದ್ದೇನೆ.

1996–2010: ಹೊಸ ಕಟ್ಟಡಗಳು

1996ರ ಆಗಸ್ಟ್ 14ರಂದು ಬೈಲ್ಮರ್ ಪಕ್ಕದಲ್ಲಿ, ಮುಚ್ಚುವ ಚಾವಣಿಯ ಅರೆನಾ ಉದ್ಘಾಟನೆಯಾಯಿತು. ಡಿ ಮೀರ್ ಕೆಡವಿದರು. ಈಗ ಅಲ್ಲಿ ಮನೆಗಳಿವೆ, ಬೀದಿಗಳಿಗೆ ಜಗತ್ತಿನ ಪ್ರಸಿದ್ಧ ಕ್ರೀಡಾಂಗಣಗಳ ಹೆಸರುಗಳಿವೆ. ಯುವ ವಿಭಾಗಕ್ಕೆ ಅರೆನಾದ ಹತ್ತಿರವೇ ‘ಡಿ ಟೂಕೊಮ್ಸ್ಟ್’ ಎಂಬ ಹೊಸ ಮೈದಾನಗಳ ಸಮುಚ್ಚಯ ಸಿದ್ಧವಾಯಿತು. ಇಲ್ಲಿನ ಕ್ರಮ ಬಾರ್ಸಿಲೋನಾದಂತೆ ಹಾಸ್ಟೆಲ್ ಕ್ರಮವಲ್ಲ. ಬಹುತೇಕ ಹುಡುಗರು ಮನೆಯಲ್ಲೇ ಇದ್ದು ಶಾಲೆ ಮುಗಿಸಿ ಕ್ಲಬ್ಬಿನ ವ್ಯಾನುಗಳಲ್ಲಿ ಬರುತ್ತಾರೆ. ದೂರದಿಂದ ಬಂದವರನ್ನು ಸ್ಥಳೀಯ ಕುಟುಂಬಗಳಲ್ಲಿ ಇರಿಸುತ್ತಾರೆ. ಆಯ್ಕೆಯ ಸೂತ್ರ ‘ಟಿಪ್ಸ್’: ಚೆಂಡಿನ ಹಿಡಿತ, ಆಟದ ಅರಿವು, ವ್ಯಕ್ತಿತ್ವ, ವೇಗ. ಮೊದಲ ಮೂರರಲ್ಲಿ ಎರಡನ್ನಾದರೂ ಕಲಿಸಬಹುದು, ವೇಗವನ್ನು ಅಷ್ಟಾಗಿ ಕಲಿಸಲಾಗದು ಎಂಬುದು ಅಲ್ಲಿನವರ ಅನುಭವ. ಪ್ರತಿ ವರ್ಷದ ಕೊನೆಗೆ ಯಾರು ಉಳಿಯುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂಬ ತೀರ್ಮಾನ ಆಗುತ್ತದೆ. ಪ್ರಸಿದ್ಧರ ಪಟ್ಟಿ ಹಾಕುವಾಗ ಮನೆಗೆ ಹೋದವರ ಪಟ್ಟಿ ಎಷ್ಟೋ ಪಟ್ಟು ಉದ್ದ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಮ್ಮೊಮ್ಮೆ ತೀರ್ಮಾನವೇ ಮಗುಚಿಕೊಂಡದ್ದೂ ಇದೆ: ಹೊರಗೆ ಹೋಗಿ ಹಾರ್ಲೆಮ್ ಕ್ಲಬ್ ಸೇರಿದ್ದ ಗ್ರೆಗರಿ ವಾನ್ ಡರ್ ವೀಲ್ ಮತ್ತೆ ಅಯಾಕ್ಸ್‌ಗೆ ಬಂದು, 2010ರ ವಿಶ್ವಕಪ್ ಫೈನಲ್ ಆಡಿದರು. ಆ ಫೈನಲ್‌ಗೆ ಇಳಿದ ಡಚ್ ಹನ್ನೊಂದರಲ್ಲಿ ಸ್ಟೇಕಲೆನ್‌ಬುರ್ಖ್, ಹೈಟಿಂಗಾ, ನೈಜೆಲ್ ಡಿ ಯೋಂಗ್, ಸ್ನೈಡರ್ ಕೂಡ ಇಲ್ಲಿಂದ ಹೋದವರೇ. ಕ್ಯಾರವಾನ್ ಮನೆಯಲ್ಲಿ ಬೆಳೆದು ಹತ್ತರಲ್ಲಿ ಅಯಾಕ್ಸ್ ಸೇರಿದ ವಾನ್ ಡರ್ ವಾರ್ಟ್ ಬದಲಿಯಾಗಿ ಬಂದರು.

2010ರಿಂದ ಈಚೆಗೆ

2010ರ ಸೆಪ್ಟೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 0–2ರಲ್ಲಿ ಸೋತ ಬಳಿಕ ಕ್ರೈಫ್ ತಮ್ಮ ಪತ್ರಿಕಾ ಅಂಕಣದಲ್ಲಿ ಕ್ಲಬ್ ದಾರಿ ತಪ್ಪಿದೆ ಎಂದು ಖಾರವಾಗಿ ಬರೆದರು. ಮುಂದಿನ ಒಂದೂವರೆ ವರ್ಷ ಆಡಳಿತದೊಂದಿಗೆ ನಡೆದ ಜಗ್ಗಾಟ ನ್ಯಾಯಾಲಯದವರೆಗೂ ಹೋಯಿತು. ಎರಡೂ ಕಡೆಯವರಿಗೆ ಕ್ಲಬ್ಬಿನ ಹಿತವೇ ಬೇಕಿತ್ತು ಎಂದು ಇಂದು ಹೇಳಬಹುದು. ಫಲವಾಗಿ ಹಳೆಯ ಆಟಗಾರರು ಮೈದಾನದ ಕೆಲಸಕ್ಕೆ ಮರಳಿದರು. ಯುವ ವಿಭಾಗದಲ್ಲಿ ವಿಮ್ ಯೊಂಕ್, ಬರ್ಗ್‌ಕ್ಯಾಂಪ್ ದುಡಿದರು. ಫ್ರಾಂಕ್ ಡಿ ಬೂರ್ ಕೋಚ್ ಆಗಿ 2011ರಿಂದ 2014ರವರೆಗೆ ಸತತ ನಾಲ್ಕು ಲೀಗ್ ಗೆದ್ದುಕೊಟ್ಟರು. 2013ರಿಂದ ‘ಯೋಂಗ್ ಅಯಾಕ್ಸ್’ ತಂಡ ದೇಶದ ಎರಡನೇ ದರ್ಜೆಯ ಲೀಗ್‌ನಲ್ಲಿ ವೃತ್ತಿಪರರ ಜತೆ ಆಡತೊಡಗಿತು. 2018ರಲ್ಲಿ ಆ ಲೀಗನ್ನೇ ಗೆದ್ದಿತು. ನಿಯಮದ ಪ್ರಕಾರ ಬಡ್ತಿ ಮಾತ್ರ ಸಿಗುವಂತಿರಲಿಲ್ಲ. ಕ್ರೈಫ್ 2016ರ ಮಾರ್ಚ್ 24ರಂದು ತೀರಿಕೊಂಡರು. ಅರೆನಾಗೆ ಈಗ ಅವರದೇ ಹೆಸರು.

2017ರ ಜುಲೈ 8ರಂದು ಆಸ್ಟ್ರಿಯಾದಲ್ಲಿ ಸ್ನೇಹಪಂದ್ಯ ಆಡುತ್ತಿದ್ದ ಅಬ್ದೆಲ್‌ಹಕ್ ನೂರಿ ಕುಸಿದುಬಿದ್ದರು. ಮೊರಾಕ್ಕೊ ಮೂಲದ, ಆಮ್‌ಸ್ಟರ್‌ಡ್ಯಾಮ್‌ನ ಇಪ್ಪತ್ತರ ಹುಡುಗ. ತಲೆಮಾರಿನ ಜಾಣ ಎಂದು ಡಿ ಟೂಕೊಮ್ಸ್ಟ್‌ನಲ್ಲಿ ಎಲ್ಲರೂ ಬೆರಳು ತೋರುತ್ತಿದ್ದವರು. ಮಿದುಳಿಗೆ ಆದ ಹಾನಿ ಸರಿಹೋಗುವಂಥದ್ದಲ್ಲ. ಮೈದಾನದಲ್ಲಿ ಸಿಕ್ಕ ಚಿಕಿತ್ಸೆ ಸಾಲದಾಗಿತ್ತೆಂದು ಮರುವರ್ಷ ಕ್ಲಬ್ ಒಪ್ಪಿಕೊಂಡಿತು. ನೂರಿ ಅಂಗಿಯ ಸಂಖ್ಯೆ 34. 2019ರಲ್ಲಿ ಅಯಾಕ್ಸ್ ಗೆದ್ದದ್ದು ಅದರ 34ನೇ ಲೀಗ್. ಆ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ಅದೇ 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ರಿಯಲ್ ತಂಡವನ್ನು 4–1ರಲ್ಲಿ, ಟ್ಯೂರಿನ್‌ನಲ್ಲಿ ಯುವೆಂಟಸ್ಸನ್ನು 2–1ರಲ್ಲಿ ಸೋಲಿಸಿ ತಂಡ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ನಾಯಕ ಮಟೈಸ್ ಡಿ ಲಿಖ್ತ್‌ಗೆ ಹತ್ತೊಂಬತ್ತು ವರ್ಷ. ಒಂಬತ್ತನೇ ವಯಸ್ಸಿನಿಂದ ಇಲ್ಲೇ ಬೆಳೆದವನು. ಮೇ 8ರಂದು ಟಾಟನ್‌ಹ್ಯಾಮ್‌ನ ಲೂಕಸ್ ಮೌರಾ ಕೊನೆಯ ಗಳಿಗೆಯಲ್ಲಿ ಮೂರನೇ ಗೋಲು ಹೊಡೆದು ಫೈನಲ್ ಕಸಿದುಕೊಂಡರು. ಬೇಸಿಗೆ ಬರುತ್ತಲೇ ಡಿ ಲಿಖ್ತ್ ಯುವೆಂಟಸ್‌ಗೆ ಹೊರಟ. ಹಿಂದೆ ಬಿಡಿಗಾಸಿಲ್ಲದೆ ಕಳಿಸುತ್ತಿದ್ದ ಕ್ಲಬ್ ಈಗ 7.5 ಕೋಟಿ ಯೂರೋ ಪಡೆದು ಕಳಿಸಿತು. ಮಾರಾಟವೂ ಯುವ ವಿಭಾಗದ ಗುರಿಗಳಲ್ಲಿ ಒಂದಾಗಿದೆ ಎಂಬುದನ್ನು ಈಗ ಯಾರೂ ಮುಚ್ಚಿಡುವುದಿಲ್ಲ. ಅಯಾಕ್ಸ್ ಪರ ಅತಿ ಕಿರಿಯ ವಯಸ್ಸಿನಲ್ಲಿ ಲೀಗ್ ಪಂದ್ಯಕ್ಕಿಳಿದ ಸೀಡಾರ್ಫ್ ಅವರ ದಾಖಲೆಯನ್ನು 2018ರಲ್ಲಿ ಮುರಿದ ರಯಾನ್ ಗ್ರಾವೆನ್‌ಬೆರ್ಕ್ ಇಂದು ಲಿವರ್‌ಪೂಲ್‌ನ ನಡುಮೈದಾನದಲ್ಲಿದ್ದಾರೆ.

ನೂರಿಪ್ಪತ್ತೈದರ ಋತುವಿನಲ್ಲಿ ಐದು ಪಂದ್ಯ ಬಾಕಿಯಿರುವಾಗ ಅಯಾಕ್ಸ್ ಒಂಬತ್ತು ಅಂಕ ಮುಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಪ್ರಶಸ್ತಿ ಒಂದು ಅಂಕದಿಂದ ಪಿಎಸ್‌ವಿ ಪಾಲಾಯಿತು. ಆ ಬೇಸಿಗೆಯಲ್ಲೇ ಹತ್ತೊಂಬತ್ತರ ಯೊರೆಲ್ ಹಾಟೊ ಚೆಲ್ಸಿಗೆ ಹೋದ. ಅವನು ರಾಟರ್‌ಡ್ಯಾಮ್‌ನವನು, ಸ್ಪಾರ್ಟಾ ಕ್ಲಬ್ಬಿನಲ್ಲಿ ಮೊದಲ ಪಾಠ ಕಲಿತು ಹನ್ನೆರಡರ ಸುಮಾರಿಗೆ ಇಲ್ಲಿಗೆ ಬಂದವನು. ನನ್ನ ಹದಿನೈದರ ಗೆರೆಯ ಪ್ರಕಾರ ಅವನು ಅಯಾಕ್ಸ್‌ನವನೇ. ಸ್ಪಾರ್ಟಾದವರು ಇದಕ್ಕೆ ಒಪ್ಪಬೇಕೆಂದೇನಿಲ್ಲ.